ಡ್ರೈ ನೀಡ್ಲಿಂಗ್ ತರಬೇತಿ: ಫಿಸಿಯೋ ಕೈಗೆ ಸೂಜಿ ಬರುವ ಮುನ್ನ, ಬಂದ ಮೇಲೆ

ಸ್ನಾಯುವಿನಲ್ಲಿ ನೋಯುವ ಗಂಟಿಗೆ ಔಷಧವಿಲ್ಲದ ಸೂಜಿ ಚುಚ್ಚಿ ಫಿಸಿಯೋಥೆರಪಿಸ್ಟರು (ಫಿಸಿಯೋ) ನೋವು ಇಳಿಸುವ ಚಿಕಿತ್ಸೆಯೇ ಡ್ರೈ ನೀಡ್ಲಿಂಗ್. ಅದರ ಸೂಜಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದವರಿಗೆ ಇದೇನು ಇಷ್ಟು ಸಣ್ಣಗಿದೆ ಅನ್ನಿಸುತ್ತದೆ. 0.25 ಮಿ.ಮೀ. ದಪ್ಪ, 40 ಮಿ.ಮೀ. ಉದ್ದ. ಎರಡು ತುದಿ ಹಿಡಿದು ಒತ್ತಿದರೆ ಬಿಲ್ಲಿನ ಹಾಗೆ ಬಾಗುತ್ತದೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್‌ಗೆ ಬಳಸುವ 24 ಗೇಜ್ ಸೂಜಿ ಇದರ ಎರಡರಷ್ಟು ದಪ್ಪ, ಒಳಗೆ ಟೊಳ್ಳು, ತುದಿ ಓರೆಯಾಗಿ ಕೊಯ್ದದ್ದು. ಅದು ಚರ್ಮವನ್ನು ಕತ್ತರಿಸಿಕೊಂಡು ಒಳಗೆ ಹೋಗುತ್ತದೆ. ನಮ್ಮ ಸೂಜಿ ಟೊಳ್ಳಿಲ್ಲದ ತಂತಿ, ಎಳೆಗಳನ್ನು ಅತ್ತಿತ್ತ ಸರಿಸಿಕೊಂಡು ಸಾಗುತ್ತದೆ. ಔಷಧ ಹಾಯುವುದಕ್ಕೆ ತೂತೇ ಇಲ್ಲ, ಅದಕ್ಕೇ ‘ಡ್ರೈ’ ಎಂಬ ಹೆಸರು.

ಈ ಸೂಜಿಯನ್ನು ಚುಚ್ಚುವ ಕೈಚಳಕ ಅರ್ಧ ದಿನದಲ್ಲಿ ಬರುತ್ತದೆ. ಚುಚ್ಚಿದ ಮೇಲೆ ಅದರ ತುದಿ ಎಲ್ಲಿದೆ, ಅಲ್ಲಿಂದ ಒಂದು ಸೆಂಟಿಮೀಟರ್ ಮುಂದೆ ಹೋದರೆ ಏನು ಸಿಗುತ್ತದೆ, ಎದುರಿಗೆ ಮಲಗಿರುವ ಈ ರೋಗಿಗೆ ಇವತ್ತು ಚುಚ್ಚಬೇಕೇ ಬೇಡವೇ ಎಂಬುದು ತಲೆಯಲ್ಲಿ ಕೂರಲು ತಿಂಗಳುಗಳು ಬೇಕು. ತರಬೇತಿಯ ತೂಕವೆಲ್ಲ ಈ ಎರಡನೆಯ ಭಾಗದ ಮೇಲೆ ಬೀಳಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಶನಿವಾರ–ಭಾನುವಾರದ ಕಾರ್ಯಾಗಾರಗಳಲ್ಲಿ ಹೆಚ್ಚಿನವು ಮೊದಲನೆಯ ಭಾಗವನ್ನು ಚೆನ್ನಾಗಿ ಕಲಿಸಿ, ಎರಡನೆಯದನ್ನು ಸ್ಲೈಡುಗಳಲ್ಲಿ ಓಡಿಸಿಬಿಡುತ್ತವೆ. ಈ ಲೇಖನ ಆ ಎರಡನೆಯ ಭಾಗದ ಬಗ್ಗೆ.

ಗಂಟು ಅಂದರೆ ಏನು, ಸೂಜಿ ಅಲ್ಲೇನು ಮಾಡುತ್ತದೆ

ರೋಗಿಗಳು ‘ನರ ಹಿಡ್ಕೊಂಡಿದೆ’ ಅನ್ನುವ ಎಷ್ಟೋ ನೋವುಗಳಲ್ಲಿ ನರದ ಪಾತ್ರವೇ ಇರುವುದಿಲ್ಲ. ಸ್ನಾಯುವಿನ ಒಂದಷ್ಟು ಎಳೆಗಳು ಹುರಿಗಟ್ಟಿ ಬಿಗಿಪಟ್ಟಿಯಾಗಿರುತ್ತವೆ. ಆ ಪಟ್ಟಿಯ ಮೇಲೆ ಬೆರಳು ಜಾರಿಸುತ್ತ ಹೋದರೆ ಒಂದು ಜಾಗದಲ್ಲಿ ರೋಗಿ ಬೆಚ್ಚುತ್ತಾರೆ. ಅದೇ ಟ್ರಿಗರ್ ಪಾಯಿಂಟ್, ಆಡುಮಾತಿನ ಗಂಟು. ಅದನ್ನು ಒತ್ತಿದರೆ ನೋವು ಬೇರೆ ಕಡೆಯೂ ಕಾಣಿಸುತ್ತದೆ. ಹೆಗಲ ಮೇಲಿನ ಟ್ರಪೀಜಿಯಸ್ ಒತ್ತಿದರೆ ಕುತ್ತಿಗೆಯ ಪಕ್ಕದಿಂದ ಕಿವಿಯ ಹಿಂದೆ, ಕಪಾಲದವರೆಗೆ ಹೋಗುತ್ತದೆ. ಬೆನ್ನಿನ ಮೇಲ್ಭಾಗದ ಇನ್‌ಫ್ರಾಸ್ಪೈನೇಟಸ್ ಒತ್ತಿದರೆ ನೋವು ಬರುವುದು ಭುಜದ ಮುಂಭಾಗಕ್ಕೆ. ಪೃಷ್ಠದ ಆಳದಲ್ಲಿರುವ ಗ್ಲೂಟಿಯಸ್ ಮಿನಿಮಸ್‌ನ ನೋವು ಕಾಲಿನ ಹೊರಮಗ್ಗುಲಲ್ಲಿ ಇಳಿದು ಸಯಾಟಿಕಾದ (ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವಿನ) ವೇಷ ಹಾಕುತ್ತದೆ.

ನರ ಬಂದು ಸ್ನಾಯುವನ್ನು ಸೇರುವ ಜಾಗದಲ್ಲಿ, ಬಿಗಿಯಾಗು ಎಂಬ ಸಂದೇಶವನ್ನು ಸ್ನಾಯುವಿಗೆ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಕಾದ್ದಕ್ಕಿಂತ ಹೆಚ್ಚು ಸೋರಿ, ಎಳೆಗಳು ಸಡಿಲವಾಗದೆ ಉಳಿದು, ಅಲ್ಲಿ ರಕ್ತದ ಓಡಾಟ ತಗ್ಗಿ ನೋವಿನ ರಾಸಾಯನಿಕಗಳು ಕೂಡಿಕೊಳ್ಳುತ್ತವೆ ಎಂಬುದು ಹೆಚ್ಚು ಚಾಲ್ತಿಯಲ್ಲಿರುವ ವಿವರಣೆ. ಇದನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಇಬ್ಬರು ಪರೀಕ್ಷಕರು ಒಬ್ಬನೇ ರೋಗಿಯಲ್ಲಿ ಒಂದೇ ಜಾಗವನ್ನು ಟ್ರಿಗರ್ ಪಾಯಿಂಟ್ ಎಂದು ಗುರುತಿಸುವುದೇ ಕಷ್ಟ ಎಂಬುದು ಅವರ ಮುಖ್ಯ ಆಕ್ಷೇಪ, ಅದರಲ್ಲಿ ಹುರುಳಿದೆ. ತರಗತಿಯಲ್ಲಿ ಈ ವಾದವನ್ನು ಮುಚ್ಚಿಡುವ ತರಬೇತುದಾರರು ವಿದ್ಯಾರ್ಥಿಗಳಿಗೆ ಅನ್ಯಾಯ ಮಾಡುತ್ತಾರೆ.

ಔಷಧವಿಲ್ಲದ ಸೂಜಿಗೂ ನೋವು ಇಳಿಯುತ್ತದೆ ಎಂಬುದು ವೈದ್ಯಲೋಕದ ಗಮನ ಸೆಳೆದದ್ದು 1979ರಲ್ಲಿ. ಜೆಕೊಸ್ಲೊವಾಕಿಯಾದ ವೈದ್ಯ ಕಾರೆಲ್ ಲೆವಿಟ್ ಅವರು 241 ರೋಗಿಗಳ 312 ನೋವಿನ ಜಾಗಗಳಿಗೆ ಸೂಜಿ ಚುಚ್ಚಿ, 86.8% ಕಡೆ ನೋವು ಕೂಡಲೇ ತಗ್ಗಿದ್ದನ್ನು ವರದಿ ಮಾಡಿದರು. ಅಲ್ಲಿಯವರೆಗೆ ಇಂಥ ಜಾಗಗಳಿಗೆ ಮರಗಟ್ಟಿಸುವ ಔಷಧವನ್ನು ಇಂಜೆಕ್ಟ್ ಮಾಡುತ್ತಿದ್ದರು, ಗುಣವೆಲ್ಲ ಔಷಧದ್ದೇ ಎಂದು ಸಾಮಾನ್ಯವಾಗಿ ತಿಳಿಯಲಾಗಿತ್ತು. ಆ ವರದಿಯಲ್ಲಿ ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಈಚಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2017ರ ವಿಮರ್ಶೆಯೊಂದರ ಪ್ರಕಾರ, ಫಿಸಿಯೋಗಳು ಮಾಡುವ ಡ್ರೈ ನೀಡ್ಲಿಂಗ್‌ನಿಂದ ಚಿಕಿತ್ಸೆಯ ದಿನದಿಂದ 12 ವಾರಗಳವರೆಗೆ ನೋವು ಇಳಿಯುತ್ತದೆ. ಪುರಾವೆಯ ಗುಣಮಟ್ಟ ಮಾತ್ರ ತೀರ ಕಡಿಮೆಯಿಂದ ಮಧ್ಯಮ. ಅಂದರೆ ಸೂಜಿ ನೋವು ತಗ್ಗಿದ ಒಂದಷ್ಟು ಸಮಯದ ಕಿಟಕಿ ತೆರೆದು ಕೊಡುತ್ತದೆ. ಆ ಸಮಯದಲ್ಲಿ ವ್ಯಾಯಾಮ ಶುರು ಮಾಡಿಸದಿದ್ದರೆ ರೋಗಿ ಅದೇ ನೋವಿನೊಂದಿಗೆ ವಾಪಸ್ ಬರುತ್ತಾರೆ.

ಅಕ್ಯುಪಂಕ್ಚರ್‌ಗೂ ಇದಕ್ಕೂ ಸೂಜಿ ಒಂದೇ, ನಕ್ಷೆ ಬೇರೆ. ಅಲ್ಲಿ ಜಾಗ ನಿರ್ಧಾರವಾಗುವುದು ಚೀನೀ ವೈದ್ಯದ ರೇಖೆಗಳ ಮೇಲೆ, ಇಲ್ಲಿ ಸ್ನಾಯುವಿನ ಮೇಲೆ. ಆದರೆ ಸೂಜಿಯಿಂದ ಏನೇನು ಅಪಾಯ ಆಗಬಹುದು ಎಂಬ ತಿಳಿವಳಿಕೆಯ ದೊಡ್ಡ ಪಾಲು ಅಕ್ಯುಪಂಕ್ಚರ್‌ನವರ ದಾಖಲೆಗಳಿಂದಲೇ ಬಂದದ್ದು. ಆ ಋಣವನ್ನು ಒಪ್ಪಿಕೊಳ್ಳಬೇಕು.

ಬೆರಳು ಮೊದಲು

ಒಳ್ಳೆಯ ತರಬೇತಿಯಲ್ಲಿ ಮೊದಲ ದಿನ ಬಹಳ ಹೊತ್ತಿನವರೆಗೆ ಸೂಜಿಯ ಪೊಟ್ಟಣ ಒಡೆಯುವುದೇ ಇಲ್ಲ. ತಡವಿ ಹುಡುಕುವುದನ್ನೇ ಮಾಡಿಸುತ್ತಾರೆ. ಕೆಳಗೆ ಮೂಳೆಯಿರುವ ಸ್ನಾಯುವನ್ನು ಬೆರಳ ತುದಿಯಿಂದ ಎಳೆಗಳಿಗೆ ಅಡ್ಡವಾಗಿ ಉಜ್ಜಿ ನೋಡುವುದು ಒಂದು ಬಗೆ. ಎತ್ತಿ ಹಿಡಿಯಲು ಬರುವ ಸ್ನಾಯುವನ್ನು ಹೆಬ್ಬೆರಳು–ತೋರುಬೆರಳ ನಡುವೆ ಹೊರಳಿಸಿ ನೋಡುವುದು ಇನ್ನೊಂದು ಬಗೆ. ಒಬ್ಬರು ಹುಡುಕಿದ ಜಾಗಕ್ಕೆ ಸ್ಕಿನ್ ಮಾರ್ಕರ್‌ನಲ್ಲಿ ಚುಕ್ಕೆ ಇಟ್ಟು ದೂರದಿಂದ ಫೋಟೋ ತೆಗೆದು, ಚುಕ್ಕೆ ಅಳಿಸಿ, ಇನ್ನೊಬ್ಬರಿಂದ ಹುಡುಕಿಸುತ್ತಾರೆ. ಎರಡು ಚುಕ್ಕೆಗಳ ನಡುವೆ ಮೊದಮೊದಲು ಎರಡು ಬೆರಳಗಲ ಅಂತರ ಬರುವುದು ಮಾಮೂಲು. ಈ ಅಭ್ಯಾಸ ಮಾಡಿಸಿದರೆ ಇಡೀ ಬ್ಯಾಚಿನ ಜಂಬ ತಗ್ಗುತ್ತದೆ, ಒಳ್ಳೆಯದಕ್ಕೇ.

ಆಮೇಲೆ ಸೂಜಿ. ಸಾಬೂನು, ಮೂಸಂಬಿ, ಬಾಳೆಹಣ್ಣಿನ ಮೇಲೆ ಅಭ್ಯಾಸ ಶುರು. ಮೂಸಂಬಿಯ ಪಾಠ ಚಿಕ್ಕದು, ಆದರೆ ಬೆಲೆಯುಳ್ಳದ್ದು: ಸಿಪ್ಪೆ ದಾಟುವಾಗ ಒಂದು ತಡೆ, ಒಳಗಿನ ಬಿಳಿ ಪದರದಲ್ಲಿ ಮೆತ್ತಗೆ, ತೊಳೆಯ ಪೊರೆ ಸಿಕ್ಕಾಗ ಮತ್ತೊಂದು ಸಣ್ಣ ತಡೆ. ಚರ್ಮ, ಕೊಬ್ಬು, ಸ್ನಾಯುವಿನ ಹೊದಿಕೆಯನ್ನು ದಾಟುವಾಗಲೂ ಬೆರಳಿಗೆ ಬರುವ ಸುದ್ದಿ ಇದೇ ಕ್ರಮದಲ್ಲಿರುತ್ತದೆ. ಈ ಮೂರನ್ನು ಕಣ್ಣು ಮುಚ್ಚಿಕೊಂಡು ಹೇಳಲು ಬರುವವರೆಗೆ ಮನುಷ್ಯರ ಮೇಲೆ ಸೂಜಿ ಇಡಬಾರದು.

ಕೈಯ ಕ್ರಮ ಹೀಗೆ. ಕೈ ತೊಳೆದು, ಕನಿಷ್ಠ ತಡವುವ ಕೈಗಾದರೂ ಗ್ಲೌಸ್ ಹಾಕಬೇಕು. 70% ಆಲ್ಕೊಹಾಲ್ ಸ್ವ್ಯಾಬಿನಿಂದ ಚರ್ಮ ಒರೆಸಿ, ಒಣಗಲು ಬಿಡಬೇಕು. ಒದ್ದೆ ಇರುವಾಗಲೇ ಚುಚ್ಚಿದರೆ ಉರಿಯುತ್ತದೆ, ಕ್ರಿಮಿಯೂ ಸರಿಯಾಗಿ ಸಾಯುವುದಿಲ್ಲ. ಸೂಜಿ ಬರುವುದು ಪ್ಲಾಸ್ಟಿಕ್ಕಿನ ಗೈಡ್ ಟ್ಯೂಬಿನೊಳಗೆ. ಸೂಜಿಯ ಹಿಡಿ ಟ್ಯೂಬಿನಿಂದ ನಾಲ್ಕೈದು ಮಿ.ಮೀ.ಯಷ್ಟೇ ಹೊರಗೆ ಚಾಚಿರುತ್ತದೆ. ಟ್ಯೂಬನ್ನು ಚರ್ಮಕ್ಕೆ ಒತ್ತಿ ಹಿಡಿದು ಹಿಡಿಯ ಮೇಲೆ ತೋರುಬೆರಳಿನಿಂದ ಒಂದೇ ಸಲ ಟಪ್ಪನೆ ತಟ್ಟಬೇಕು. ಅಂಜುತ್ತ ಮೂರು ಸಲ ತಟ್ಟಿದರೆ ರೋಗಿಗೆ ಮೂರು ಸಲ ನೋವು. ಟ್ಯೂಬ್ ತೆಗೆದ ಮೇಲೆ ಸೂಜಿಯನ್ನು ಹಿಡಿಯಿಂದಲೇ ಮುಂದೆ ದೂಡಬೇಕು, ಒಳಗೆ ಹೋಗುವ ತಂತಿಯನ್ನು ಬರಿ ಬೆರಳು ಮುಟ್ಟಬಾರದು. ಇಷ್ಟೂ ಹೊತ್ತು ತಡವಿದ ಕೈ ಜಾಗ ಬಿಟ್ಟು ಏಳಬಾರದು. ಹೊಸಬರು ಮಾಡುವ ತಪ್ಪುಗಳಲ್ಲಿ ಮೊದಲನೆಯದು ಇದೇ: ಟ್ಯೂಬ್ ತೆಗೆಯಲು ಆ ಕೈ ಎತ್ತುತ್ತಾರೆ, ಗಂಟು ಜಾರಿಹೋಗುತ್ತದೆ, ಆಮೇಲೆ ಸೂಜಿಯಿಂದ ಗಂಟು ಹುಡುಕಲು ಹೊರಡುತ್ತಾರೆ.

ದಿಕ್ಕು ಬದಲಿಸಬೇಕೆಂದರೆ ತುದಿಯನ್ನು ಚರ್ಮದ ಕೆಳಗಿನ ಕೊಬ್ಬಿನ ಪದರದವರೆಗೆ ಹಿಂದೆ ಎಳೆದು, ಆಮೇಲೆ ತಿರುಗಿಸಬೇಕು. ಆಳದಲ್ಲೇ ಓರೆ ಮಾಡಿದರೆ ಸೂಜಿ ಬಾಗುತ್ತದೆ, ಎಳೆ ಹರಿಯುತ್ತದೆ. ಹಿಡಿಯ ಬುಡದವರೆಗೆ ಸೂಜಿಯನ್ನು ಎಂದೂ ಇಳಿಸಬಾರದು. ಒಂದು ಸೆಂಟಿಮೀಟರಾದರೂ ಹೊರಗೆ ಕಾಣುತ್ತಿರಬೇಕು. ಸೂಜಿ ಮುರಿಯುವುದಾದರೆ ಹಿಡಿ ಮತ್ತು ತಂತಿ ಸೇರುವ ಜಾಗದಲ್ಲೇ ಮುರಿಯುವುದು ಹೆಚ್ಚು, ಹೊರಗೆ ಉಳಿದಿದ್ದರೆ ಹಿಡಿದು ಎಳೆಯಬಹುದು. ಅದಕ್ಕೇ ಉದ್ದದ ಆಯ್ಕೆ ಮುಖ್ಯ. ಅಂಗೈಗೆ, ಮುಂಗೈಗೆ 15–25 ಮಿ.ಮೀ., ಹೆಗಲಿಗೆ 30–40, ಬೆನ್ನುಮೂಳೆಯ ಪಕ್ಕದ ಸ್ನಾಯುವಿಗೆ 50, ಪೃಷ್ಠಕ್ಕೆ 60–75.

ತುದಿ ಗಂಟಿಗೆ ತಾಗಿದರೆ ಸ್ನಾಯು ಒಮ್ಮೆ ಮೀನು ಮಿಡಿದ ಹಾಗೆ ಮಿಡಿಯುತ್ತದೆ. ಇದು ಬೆನ್ನುಹುರಿಯ ಮೂಲಕ ಬರುವ ಪ್ರತಿವರ್ತನೆ, ‘ಟ್ವಿಚ್’ ಅನ್ನುತ್ತಾರೆ. ಕಾರ್ಯಾಗಾರದಲ್ಲಿ ಯಾರಿಗಾದರೂ ಟ್ವಿಚ್ ಸಿಕ್ಕರೆ ಸುತ್ತ ನಿಂತವರೆಲ್ಲ ಹೋ ಅನ್ನುತ್ತಾರೆ. ಅಲ್ಲೇ ಒಂದು ಕೆಟ್ಟ ಚಾಳಿಯೂ ಹುಟ್ಟುತ್ತದೆ. ಟ್ವಿಚ್ ಬರದೆಯೂ ನೋವು ಇಳಿಯಬಹುದು, ಹತ್ತು ಟ್ವಿಚ್ ತೆಗೆದರೂ ಇಳಿಯದಿರಬಹುದು. ಅದರ ಬೆನ್ನು ಹತ್ತಿ ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿದರೆ ಮಾರನೆಯ ದಿನ ರೋಗಿ ಕೈಯೆತ್ತಲಾರರು. ಮೊದಲ ಭೇಟಿಯಲ್ಲಿ ಒಂದೆರಡು ಸ್ನಾಯು ಸಾಕು.

ಟ್ರಪೀಜಿಯಸ್: ಒಂದು ಸ್ನಾಯುವನ್ನು ಹತ್ತಿರದಿಂದ

ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ಬೆಂಗಳೂರಿನ ಅರ್ಧ ಊರಿಗೆ ನೋಯುವ ಸ್ನಾಯು ಇದು. ಎಲ್ಲ ಕಾರ್ಯಾಗಾರದಲ್ಲೂ ಎಲ್ಲರೂ ಕೇಳುವುದು ಇದನ್ನೇ, ಮೇಲ್ನೋಟಕ್ಕೆ ಸುಲಭವಾಗಿ ಕಾಣುವುದೂ ಇದೇ. ಶ್ವಾಸಕೋಶದ ತುದಿ ಕಾಲರ್ ಮೂಳೆಯ ಒಳತುದಿಗಿಂತ ಸುಮಾರು 2.5–3 ಸೆಂ.ಮೀ. ಮೇಲಕ್ಕೆ ಎದ್ದಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಹೆಗಲನ್ನು ನೋಡಿದರೆ ಸುಲಭ ಎಂಬ ಮಾತು ಬಾಯಿಗೆ ಬರುವುದಿಲ್ಲ. ನಿಂತುಕೊಂಡು ಮೇಲಿನಿಂದ ಕೆಳಕ್ಕೆ ಸೂಜಿ ಇಳಿಸಿದರೆ ಅದು ಹೊರಟಿರುವುದು ಎದೆಗೂಡಿನ ಕಡೆಗೆ.

ಆದ್ದರಿಂದ ರೋಗಿಯನ್ನು ಬೋರಲು ಅಥವಾ ಮಗ್ಗುಲಾಗಿ ಮಲಗಿಸುತ್ತಾರೆ. ಮಲಗಿದಾಗ ಸ್ನಾಯು ಸಡಿಲ, ತಲೆ ಸುತ್ತಿದರೂ ಬೀಳುವ ಭಯವಿಲ್ಲ. ಹೆಬ್ಬೆರಳು ಒಂದು ಕಡೆ, ತೋರುಬೆರಳು ನಡುಬೆರಳು ಇನ್ನೊಂದು ಕಡೆ ಮಾಡಿ ಹೆಗಲಿನ ಮಾಂಸವನ್ನು ಎದೆಗೂಡಿನಿಂದ ಮೇಲಕ್ಕೆ ಎತ್ತಿ ಹಿಡಿಯಬೇಕು. ಎತ್ತಿದ ಮಡಿಕೆಯೊಳಗೆ ಬಿಗಿಪಟ್ಟಿ ಬೆರಳುಗಳ ನಡುವೆ ಹೊರಳಬೇಕು. ಸೂಜಿ ಹೋಗುವುದು ಹಿಂದಿನಿಂದ ಮುಂದಕ್ಕೆ ಅಥವಾ ಮುಂದಿನಿಂದ ಹಿಂದಕ್ಕೆ, ಒಂದು ಬೆರಳಿನಿಂದ ಎದುರಿನ ಬೆರಳ ಕಡೆಗೆ. ಕಾಲಿನ ದಿಕ್ಕಿಗೂ ಅಲ್ಲ, ಎದೆಯ ದಿಕ್ಕಿಗೂ ಅಲ್ಲ. ತುದಿ ಎದುರಿನ ಬೆರಳಿಗೆ ಹತ್ತಿರ ಬಂದದ್ದು ಮಾಂಸದ ಮೂಲಕವೇ ತಿಳಿಯುತ್ತದೆ, ಅಲ್ಲಿ ನಿಲ್ಲಿಸಬೇಕು. ಮುಂದೆ ಹೋದರೆ ಚರ್ಮ ದಾಟಿ ನಿಮ್ಮದೇ ಬೆರಳಿಗೆ ರೋಗಿಯ ರಕ್ತ ತಾಗಿದ ಸೂಜಿ ಚುಚ್ಚುತ್ತದೆ.

ತಪ್ಪುವುದು ಎಲ್ಲಿ? ಸೂಜಿ ಒಳಗಿರುವಾಗ ಬೆರಳು ಸೋತು ಮಡಿಕೆ ನಿಧಾನಕ್ಕೆ ಕೆಳಗೆ ಜಾರುತ್ತದೆ. ಸೂಜಿಯ ದಿಕ್ಕು ಬದಲಾಗಿಲ್ಲ ಅನ್ನಿಸಿದರೂ ಅದರ ಕೆಳಗಿನ ಜಾಗ ಬದಲಾಗಿರುತ್ತದೆ. ಅಥವಾ ರೋಗಿ ಕೆಮ್ಮುತ್ತಾರೆ, ಫೋನ್ ಬಡಿದುಕೊಂಡಿತೆಂದು ಕೈ ಚಾಚುತ್ತಾರೆ. ಫೋನನ್ನು ಮೊದಲೇ ದೂರ ಇಡಿಸಬೇಕು, ಕೆಮ್ಮು ಬಂದರೆ ಮುಂಚೆ ಹೇಳಿ ಅನ್ನಬೇಕು. ಕೆಲವರಲ್ಲಿ ಸ್ನಾಯು ಎಷ್ಟು ಬಿಗಿ ಅಥವಾ ಎಷ್ಟು ತೆಳು ಎಂದರೆ ಎತ್ತಿ ಹಿಡಿಯಲು ಬರುವುದೇ ಇಲ್ಲ. ಅಂಥವರ ಹೆಗಲಿಗೆ ಸೂಜಿ ಬೇಡ. ಕೈಯಿಂದ ಒತ್ತಿ, ಬಿಸಿ ಕೊಟ್ಟು, ವ್ಯಾಯಾಮ ಮಾಡಿಸಿ ಕಳಿಸಬಹುದು.

ಎದೆಗೂಡಿನ ಮೇಲಿರುವ ಉಳಿದ ಸ್ನಾಯುಗಳಿಗೂ ಇದೇ ಎಚ್ಚರ. ಹೆಗಲೆಲುಬಿನ ಒಳಅಂಚಿನ ಹತ್ತಿರ ತೆಳ್ಳಗಿನವರಲ್ಲಿ ಚರ್ಮದಿಂದ ಶ್ವಾಸಕೋಶದ ಪೊರೆಗೆ ಇರುವ ದೂರ 10–20 ಮಿ.ಮೀ. ಮಾತ್ರ. ಚರ್ಮವನ್ನು ಬೆರಳಿನಿಂದ ಒತ್ತಿ ಹಿಡಿದಾಗ ಆ ದೂರ ಇನ್ನೂ ಕಡಿಮೆಯಾಗುತ್ತದೆ ಎಂಬುದು ಹಲವರ ಲೆಕ್ಕಕ್ಕೆ ಬರುವುದಿಲ್ಲ. ಪೃಷ್ಠದಲ್ಲಿ ಗಂಟಿಗೆ ಹತ್ತಿರವಾಗಲು ನೆರವಾಗುವ ಅದೇ ಒತ್ತಡ ಎದೆಗೂಡಿನ ಮೇಲೆ ಅಪಾಯ. ಬೆನ್ನುಮೂಳೆಗೂ ಹೆಗಲೆಲುಬಿಗೂ ನಡುವಿನ ರಾಂಬಾಯ್ಡ್ ಸ್ನಾಯುವಿಗೆ ಚುಚ್ಚುವಾಗ ಎರಡು ಬೆರಳನ್ನು ಪಕ್ಕೆಲುಬಿನ ಮೇಲಿನ ಸಂದು, ಕೆಳಗಿನ ಸಂದುಗಳಲ್ಲಿ ಊರಿ, ನಡುವಿನ ಪಕ್ಕೆಲುಬಿನ ಮೇಲಷ್ಟೇ, ಓರೆಯಾಗಿ ಇಳಿಸುತ್ತಾರೆ. ಇದನ್ನು ಮೊದಲ ಹಂತದ ಕಾರ್ಯಾಗಾರದಲ್ಲೇ ಕಲಿಸುವವರಿಂದ ದೂರ ಇರುವುದು ಒಳ್ಳೆಯದು.

ಉಳಿದ ಜಾಗಗಳನ್ನು ಚುಟುಕಾಗಿ ಹೇಳಬಹುದು. ಬೆನ್ನುಮೂಳೆಯ ಪಕ್ಕದ ಮಲ್ಟಿಫಿಡಸ್ ಸ್ನಾಯುವಿಗೆ ಮುಳ್ಳುಮೂಳೆಯಿಂದ ಸುಮಾರು 1 ಸೆಂ.ಮೀ. ಪಕ್ಕದಲ್ಲಿ, ತುಸು ಒಳಮುಖವಾಗಿ ಮತ್ತು ಕೆಳಮುಖವಾಗಿ ಇಳಿಸಿದರೆ ಕಶೇರುವಿನ ಹಿಂಬದಿಯ ಮೂಳೆ ತಡೆಯುತ್ತದೆ. ಮೇಲ್ಮುಖ ಮಾಡಿದರೆ ಎರಡು ಮೂಳೆಗಳ ಸಂದು ಸಿಗಬಹುದು, ಹೊರಮುಖ ಮಾಡಿದರೆ ಮೇಲ್ಬೆನ್ನಿನಲ್ಲಿ ಶ್ವಾಸಕೋಶ, ಕೆಳಬೆನ್ನಿನಲ್ಲಿ ಮೂತ್ರಪಿಂಡ ಸಿಗಬಹುದು. ತಲೆಬುರುಡೆಯ ಬುಡದಲ್ಲಿ ಮೆದುಳಿಗೆ ರಕ್ತ ಒಯ್ಯುವ ವರ್ಟಿಬ್ರಲ್ ಅಪಧಮನಿ ಹಾದುಹೋಗುತ್ತದೆ. ಮೊಣಕಾಲಿನ ಹೊರಗೆ, ಕೆಳಗಾಲಿನ ತೆಳು ಮೂಳೆಯಾದ ಫಿಬುಲಾದ ಕುತ್ತಿಗೆಯನ್ನು ಸುತ್ತಿಕೊಂಡು ಪೆರೊನಿಯಲ್ ನರ ಚರ್ಮಕ್ಕೆ ತೀರ ಹತ್ತಿರ ಇದೆ. ಮೀನಖಂಡದ ನೋವಿನ ಜೊತೆ ಊತ, ಬಿಸಿ ಇದ್ದರೆ ಮೊದಲು ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ವೈದ್ಯರಿಂದ ನೋಡಿಸಬೇಕು, ಸೂಜಿ ಆಮೇಲಿನ ಮಾತು.

ಚುಚ್ಚುವ ಮೊದಲು ಕೇಳುವುದು

ಫಾರ್ಮಿನಲ್ಲಿ ‘ಆ್ಯಂಟಿಕೊಆ್ಯಗ್ಯುಲಂಟ್ ತೆಗೆದುಕೊಳ್ಳುತ್ತೀರಾ’ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಎಂದು ಅಚ್ಚು ಹಾಕಿಸಿದರೆ ಎಲ್ಲರೂ ಇಲ್ಲ ಎಂದೇ ಗುರುತು ಹಾಕುತ್ತಾರೆ. ‘ಹಾರ್ಟಿಗೆ ಮಾತ್ರೆ ಏನಾದ್ರೂ ತಗೊಳ್ತೀರಾ? ಸ್ಟೆಂಟ್ ಹಾಕಿದಾರಾ, ವಾಲ್ವ್ ಆಪರೇಷನ್ ಆಗಿದೆಯಾ? ಮಾತ್ರೆ ಚೀಟಿ ಇದ್ರೆ ತೋರಿಸಿ’ ಎಂದು ಕೇಳಿದರೆ ಎಕೋಸ್ಪ್ರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್, ಅಸಿಟ್ರೋಮ್ ಎಲ್ಲ ಹೊರಗೆ ಬರುತ್ತವೆ. ವಾರ್ಫರಿನ್ ಥರದ ಮಾತ್ರೆ ನುಂಗುವವರ ಆಳದ ಸ್ನಾಯುಗಳಿಗೆ, ಅಂದರೆ ಒಳಗೆ ರಕ್ತ ಬಂದರೆ ಮೇಲಿನಿಂದ ಒತ್ತಿ ನಿಲ್ಲಿಸಲಾಗದ ಜಾಗಕ್ಕೆ, ಕೈ ಹಾಕಬಾರದು. ಮಳೆಗಾಲದಲ್ಲಿ ಇನ್ನೊಂದು ಪ್ರಶ್ನೆ ಸೇರಿಸಬೇಕು: ‘ಈಚೆಗೆ ಡೆಂಗಿ ಜ್ವರ ಬಂದಿತ್ತಾ?’ ಪ್ಲೇಟ್‌ಲೆಟ್ ಸರಿಹೋಗಿದ್ದರ ವರದಿ ನೋಡುವವರೆಗೆ ಸೂಜಿ ಬೇಡ.

ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿ ತೆಗೆಸಿಕೊಂಡವರ ಆ ಕಡೆಯ ಕೈ, ಊದಿಕೊಂಡಿರುವ ಕಾಲು, ಹುಣ್ಣು ಅಥವಾ ಸೋಂಕಿರುವ ಚರ್ಮ, ಬದಲಿ ಕೀಲು ಹಾಕಿಸಿಕೊಂಡ ಜಾಗ ಇವೆಲ್ಲ ಬಿಡಬೇಕಾದವು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಮೂರ್ಛೆ ರೋಗ ಇರುವವರು, ಬಸುರಿಯರು, ನಿಕಲ್ ಅಲರ್ಜಿ ಇರುವವರ ವಿಷಯದಲ್ಲಿ ಇನ್ನೊಮ್ಮೆ ಯೋಚಿಸಬೇಕು. ಸೂಜಿಗೆ ಹೆದರುವವರನ್ನು ಒಪ್ಪಿಸಲು ಹೋಗಲೇಬಾರದು. ಕೊನೆಗೆ ತೀರ ಸಾದಾ ಪ್ರಶ್ನೆ: ‘ತಿಂಡಿ ಆಯ್ತಾ?’ ಏಕಾದಶಿಯೋ ಶನಿವಾರವೋ ರಂಜಾನ್ ತಿಂಗಳೋ, ಬರಿ ಹೊಟ್ಟೆಯಲ್ಲಿ ಬಂದವರೇ ತಲೆ ಸುತ್ತಿ ಬೀಳುವುದು ಹೆಚ್ಚು.

ಒಪ್ಪಿಗೆ ಎಂದರೆ ಸಹಿ ಹಾಕಿಸುವುದಷ್ಟೇ ಆದರೆ ಆಗಲಿಲ್ಲ. ರೋಗಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು: ‘ಅಮ್ಮಾ, ಇದು ಇಂಜೆಕ್ಷನ್ ಅಲ್ಲ, ಔಷಧ ಏನೂ ಇಲ್ಲ. ಸಣ್ಣ ಸೂಜಿ, ಹೊಸದು, ನಿಮ್ಮೆದುರಿಗೇ ಒಡೀತೀನಿ. ಒಳಗೆ ಒಮ್ಮೆ ಜಗ್ಗಿದ ಹಾಗಾಗುತ್ತೆ. ನಾಳೆ ನಾಡಿದ್ದು ಮೈಕೈ ನೋವಿನ ಥರ ಇರುತ್ತೆ, ಒಂದೊಂದ್ಸಲ ಕಪ್ಪುಗಟ್ಟುತ್ತೆ. ಹೆಗಲಿಗೆ ಹಾಕೋವಾಗ ಶ್ವಾಸಕೋಶಕ್ಕೆ ತಾಗೋ ಸಾಧ್ಯತೆ ತುಂಬಾ ಕಡಿಮೆ, ಆದ್ರೆ ಇಲ್ಲ ಅಂತಿಲ್ಲ. ಬೇಡ ಅನ್ನಿಸಿದ್ರೆ ಈಗಲೂ ಹೇಳಬಹುದು, ಚುಚ್ಚಿದ ಮೇಲೂ ಹೇಳಬಹುದು.’ ಈ ಕೊನೆಯ ಎರಡು ವಾಕ್ಯ ಹೇಳಲು ನಾಲಗೆ ತಡವರಿಸುವವರು ಇನ್ನೂ ತಯಾರಾಗಿಲ್ಲ ಎಂದೇ ಅರ್ಥ.

ಏನು ತಪ್ಪಬಹುದು, ತಪ್ಪಿದಾಗ ಏನು ಮಾಡಬೇಕು

ಸಣ್ಣ ತೊಂದರೆಗಳು ಸಾಮಾನ್ಯ. ಐರ್ಲೆಂಡಿನ 39 ಫಿಸಿಯೋಗಳು ತಾವು ಕೊಟ್ಟ 7,629 ಚಿಕಿತ್ಸೆಗಳ ಲೆಕ್ಕ ಇಟ್ಟಾಗ 1,463 ಸಣ್ಣ ತೊಂದರೆಗಳು ದಾಖಲಾದವು, ದೊಡ್ಡದು ಒಂದೂ ಇರಲಿಲ್ಲ. ಇದು 2014ರ ವರದಿ. 2020ರಲ್ಲಿ ಅಮೆರಿಕದಿಂದ ಬಂದ ಇನ್ನೂ ದೊಡ್ಡ ಲೆಕ್ಕದಲ್ಲಿ 20,494 ಚಿಕಿತ್ಸೆಗಳಿಗೆ 20 ದೊಡ್ಡ ತೊಂದರೆಗಳು, ಅಂದರೆ ಸುಮಾರು ಸಾವಿರಕ್ಕೆ ಒಂದು. ದಿನಕ್ಕೆ ಐದು ಜನರಿಗೆ ಚುಚ್ಚುವ ಫಿಸಿಯೋ ಒಂದು ವರ್ಷದೊಳಗೆ ಸಾವಿರ ದಾಟುತ್ತಾರೆ. ಹಾಗಾಗಿ ‘ನನಗೆ ಆಗಲ್ಲ’ ಎಂಬ ಭರವಸೆಗೆ ಆಧಾರವಿಲ್ಲ.

ರೋಗಿ ಬೆವತು, ಮುಖ ಬಿಳುಚಿಕೊಂಡರೆ ಎಲ್ಲ ಸೂಜಿ ತೆಗೆದು, ಅಂಗಾತ ಮಲಗಿಸಿ, ಕಾಲು ಎತ್ತರಿಸಬೇಕು. ಚೇತರಿಸಿಕೊಂಡರೂ ಕೂಡಲೇ ಸ್ಕೂಟರ್ ಹತ್ತಲು ಬಿಡಬಾರದು. ಸೂಜಿ ಕಚ್ಚಿಕೊಂಡರೆ, ಅಂದರೆ ಸ್ನಾಯು ಬಿಗಿಯಾಗಿ ಹೊರಗೆ ಬರದಿದ್ದರೆ, ಎಳೆದಾಡಬಾರದು. ಒಂದೆರಡು ನಿಮಿಷ ಸುಮ್ಮನೆ ಬಿಟ್ಟು, ಒಂದೇ ಕಡೆಗೆ ತಿರುಗಿಸಿದ್ದರೆ ವಿರುದ್ಧ ದಿಕ್ಕಿಗೆ ಬಿಚ್ಚಿ, ಸುತ್ತಲೂ ಮೆಲ್ಲಗೆ ತಟ್ಟಬೇಕು. ಆಗಲೂ ಬಿಡದಿದ್ದರೆ ಪಕ್ಕದಲ್ಲಿ ಇನ್ನೊಂದು ಸೂಜಿ ಹಾಕಿದರೆ ಬಿಗಿ ಅಲ್ಲಿಗೆ ಹಂಚಿಹೋಗಿ ಇದು ಸಡಿಲವಾಗುತ್ತದೆ.

ಮರೆತುಹೋದ ಸೂಜಿ ನಾಚಿಕೆಯ ತಪ್ಪು, ಆದರೆ ಆಗುತ್ತದೆ. ತಲೆಗೂದಲಿನ ಅಂಚಿನಲ್ಲಿ, ಬಟ್ಟೆಯ ಮಡಿಕೆಯ ಕೆಳಗೆ ಉಳಿದುಬಿಡುತ್ತದೆ. ಪೊಟ್ಟಣ ಒಡೆದಾಗೆಲ್ಲ ಖಾಲಿ ಟ್ಯೂಬನ್ನು ತಟ್ಟೆಯಲ್ಲೇ ಇಟ್ಟುಕೊಂಡು, ಕೊನೆಗೆ ಟ್ಯೂಬುಗಳನ್ನೂ ತೆಗೆದ ಸೂಜಿಗಳನ್ನೂ ಗಟ್ಟಿಯಾಗಿ ಎಣಿಸುವ ರೂಢಿ ಮಾಡಿಕೊಂಡರೆ ಈ ತಪ್ಪು ಆಗುವುದಿಲ್ಲ.

ಶ್ವಾಸಕೋಶಕ್ಕೆ ತಾಗಿದ್ದು ಕೂಡಲೇ ಗೊತ್ತಾಗದೆ ಇರಬಹುದು. ಕೆಲವು ಗಂಟೆಗಳ ನಂತರ ಉಸಿರೆಳೆದಾಗ ಎದೆಯ ಒಂದು ಕಡೆ ಚುಚ್ಚುವುದು, ಒಣ ಕೆಮ್ಮು, ಏದುಸಿರು ಶುರುವಾಗುತ್ತದೆ. ರೋಗಿ ಅದನ್ನು ‘ಸೂಜಿ ಹಾಕಿದ ನೋವು ಇರಬೇಕು’ ಎಂದುಕೊಂಡು ಮಲಗಿಬಿಡುತ್ತಾರೆ. ಆದ್ದರಿಂದ ಎದೆಗೂಡಿನ ಹತ್ತಿರ ಚುಚ್ಚಿದ ಪ್ರತಿಯೊಬ್ಬರ ಕೈಗೂ ಕನ್ನಡದಲ್ಲಿ ಅಚ್ಚಾದ ಚೀಟಿ ಕೊಡಬೇಕು: ಈ ಲಕ್ಷಣ ಕಂಡರೆ ನಮಗೆ ಫೋನ್ ಮಾಡುವುದಕ್ಕೂ ಮೊದಲು ಆಸ್ಪತ್ರೆಗೆ ಹೋಗಿ, ಇಂಥ ಜಾಗಕ್ಕೆ ಸೂಜಿ ಹಾಕಿದ್ದಾರೆ ಎಂದು ಡಾಕ್ಟರಿಗೆ ಹೇಳಿ, ಎದೆಯ ಎಕ್ಸ್‌ರೇ ಮಾಡಿಸಿ. ಅಂದು ಸಂಜೆ ವಿಮಾನ ಹತ್ತುವವರ ಹೆಗಲಿಗೆ ಚುಚ್ಚದಿರುವುದೇ ಲೇಸು.

ಬಳಸಿದ ಸೂಜಿ ಫಿಸಿಯೋಗೇ ಚುಚ್ಚಿದರೆ ಬೆರಳನ್ನು ಹಿಂಡಬಾರದು, ಬಾಯಿಗೆ ಇಡಬಾರದು. ಹರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆದು ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯ ಮಾತ್ರೆ ಬೇಕಾದರೆ ಮೊದಲ ಎರಡು ಗಂಟೆಯಲ್ಲಿ ಶುರುವಾದರೆ ಉತ್ತಮ, 72 ಗಂಟೆ ದಾಟಬಾರದು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸನ್ನು ತರಬೇತಿಗೆ ಹೆಸರು ಬರೆಸುವ ಮೊದಲೇ ಮುಗಿಸಿರಬೇಕು. ಸೂಜಿಗೆ ಮತ್ತೆ ಟ್ಯೂಬ್ ತೊಡಿಸುವ ಗೋಜು ಬೇಡ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅದು ನೇರವಾಗಿ, ಚುಚ್ಚಿದರೂ ತೂತಾಗದ ಬಿಳಿ ಅರೆಪಾರದರ್ಶಕ ಡಬ್ಬಿಗೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಗ್ಲೌಸ್ ಕೆಂಪು ಚೀಲಕ್ಕೆ. ಈ ನಿಯಮ ಒಂದೇ ಕೋಣೆಯ ಕ್ಲಿನಿಕ್ಕಿಗೂ ಅನ್ವಯಿಸುತ್ತದೆ. ಡಬ್ಬಿ ಮುಕ್ಕಾಲು ತುಂಬಿದೊಡನೆ ಮುಚ್ಚಬೇಕು.

ತರಬೇತಿ ಆರಿಸುವಾಗ

ಅಮೆರಿಕದಲ್ಲಿ ಒಂದೊಂದು ರಾಜ್ಯದ ಲೆಕ್ಕ ಒಂದೊಂದು. ಅರಿಝೋನಾದ ನಿಯಮ 24 ಗಂಟೆ ಕೇಳಿದರೆ, ಮೇರಿಲ್ಯಾಂಡ್ 80 ಗಂಟೆ ಕೇಳುತ್ತದೆ, ಅದರಲ್ಲಿ 40 ಗಂಟೆ ಕೈಯಲ್ಲಿ ಮಾಡಿ ಕಲಿಯುವುದು. ಅಲ್ಲಿನ ರಾಜ್ಯ ಫಿಸಿಯೋಥೆರಪಿ ಮಂಡಳಿಗಳ ಒಕ್ಕೂಟ 2015ರಲ್ಲಿ ಮಾಡಿಸಿದ ಅಧ್ಯಯನದ ಪ್ರಕಾರ ಸುರಕ್ಷಿತವಾಗಿ ಡ್ರೈ ನೀಡ್ಲಿಂಗ್ ಮಾಡಲು ಬೇಕಾದ ತಿಳಿವಳಿಕೆಯ 86% ಫಿಸಿಯೋಗಳಿಗೆ ಪದವಿಯ ಓದಿನಲ್ಲೇ ಸಿಕ್ಕಿರುತ್ತದೆ. ಆ 86%ರಲ್ಲಿ ಅಂಗರಚನೆಯೂ ಸೇರಿದೆ. ಮೊದಲ ವರ್ಷದಲ್ಲಿ ಓದಿ ಪರೀಕ್ಷೆ ಬರೆದದ್ದು ಏಳು ವರ್ಷದ ನಂತರ ಎಷ್ಟು ಉಳಿದಿದೆ ಎಂಬುದನ್ನು ಮಾತ್ರ ಯಾರೂ ಪ್ರಮಾಣಪತ್ರದಲ್ಲಿ ಬರೆದುಕೊಡುವುದಿಲ್ಲ. ಕಾರ್ಯಾಗಾರಕ್ಕೆ ಹೋಗುವ ಹಿಂದಿನ ತಿಂಗಳು ದಿನಕ್ಕೆರಡು ಸ್ನಾಯುವಿನಂತೆ ಅದರ ಮೂಲ, ಕೊನೆ, ಮೇಲೆ ಏನಿದೆ, ಕೆಳಗೆ ಏನಿದೆ ಎಂದು ಚಿತ್ರ ಬಿಡಿಸಿಕೊಂಡು ಹೋದವರಿಗೂ ಹಾಗೇ ಹೋದವರಿಗೂ ಇರುವ ವ್ಯತ್ಯಾಸ ಮೊದಲ ಗಂಟೆಯಲ್ಲೇ ತಿಳಿಯುತ್ತದೆ.

ಹಣ ಕಟ್ಟುವ ಮುಂಚೆ ಫೋನ್ ಮಾಡಿ ಕೇಳಬೇಕಾದದ್ದು ಇಷ್ಟು. ಒಬ್ಬ ತರಬೇತುದಾರರಿಗೆ ಎಷ್ಟು ಜನ? ಹತ್ತಕ್ಕಿಂತ ಹೆಚ್ಚಿದ್ದರೆ ನಿಮ್ಮ ಸೂಜಿಯ ಕೋನವನ್ನು ಯಾರೂ ನೋಡುವುದಿಲ್ಲ. ಎರಡು ದಿನದಲ್ಲಿ ಎಷ್ಟು ಸ್ನಾಯು? ‘ತಲೆಯಿಂದ ಕಾಲಿನವರೆಗೆ ಐವತ್ತು’ ಎಂದರೆ ಬೇಡ, ಕೈಕಾಲುಗಳ ಹದಿನೈದು ಎಂದರೆ ಒಳ್ಳೆಯ ಸೂಚನೆ. ಪರೀಕ್ಷೆ ಇದೆಯೇ, ಅದರಲ್ಲಿ ಫೇಲ್ ಆಗಲು ಸಾಧ್ಯವೇ? ಶವಚ್ಛೇದನ ಕೋಣೆಯಲ್ಲೋ ಅಲ್ಟ್ರಾಸೌಂಡ್ ಪರದೆಯಲ್ಲೋ ಸೂಜಿಯ ತುದಿ ತೋರಿಸುತ್ತಾರೆಯೇ? ಉಸಿರಾಡುವಾಗ ಶ್ವಾಸಕೋಶದ ಪೊರೆ ಜಾರುವುದನ್ನು ಪರದೆಯ ಮೇಲೆ, ಅದು ಚರ್ಮಕ್ಕೆ ಎಷ್ಟು ಹತ್ತಿರ ಇದೆ ಎಂಬ ಅಳತೆಯ ಸಮೇತ ಒಮ್ಮೆ ನೋಡಿದವರು ರಾಂಬಾಯ್ಡ್‌ಗೆ ಅವಸರ ಮಾಡುವುದಿಲ್ಲ. ಎಲ್ಲರೂ ಎಲ್ಲರಿಂದ ಚುಚ್ಚಿಸಿಕೊಳ್ಳಬೇಕೇ? ಹೌದು ಎಂಬ ಉತ್ತರ ಬರಬೇಕು. ತನ್ನ ಮೈಗೆ ಸೂಜಿ ಬೇಡ ಅನ್ನುವವರು ಇನ್ನೊಬ್ಬರ ಮೈಗೆ ಹಾಕುವುದು ಸರಿಯಲ್ಲ. ಇದರ ಜೊತೆಗೆ ನಿಮ್ಮ ವೃತ್ತಿ ವಿಮೆಯಲ್ಲಿ ಸೂಜಿ ಚಿಕಿತ್ಸೆ ಸೇರಿದೆಯೇ ಎಂದು ವಿಮಾ ಕಂಪನಿಯಿಂದ ಲಿಖಿತವಾಗಿ ಪಡೆದುಕೊಳ್ಳಬೇಕು.

ತರಬೇತಿ ಮುಗಿದ ಮೊದಲ ಮೂರು ತಿಂಗಳು ತೊಡೆಯ ಹೊರಮಗ್ಗುಲಿನ ವಾಸ್ಟಸ್ ಲ್ಯಾಟರಾಲಿಸ್, ಮುಂಗೈ, ಮುಂಗಾಲಿನ ಟಿಬಿಯಾಲಿಸ್ ಆ್ಯಂಟೀರಿಯರ್, ಗ್ಲೂಟಿಯಸ್ ಮೀಡಿಯಸ್ ಇಷ್ಟಕ್ಕೇ ನಿಲ್ಲಿಸಬೇಕು. ಕೆಳಗೆ ಮೂಳೆ ಇರುವ, ದಪ್ಪಗಿರುವ ಸ್ನಾಯುಗಳಿವು. ಹೆಗಲು ಎರಡನೆಯ ಹಂತಕ್ಕೆ, ಅನುಭವಿಗಳು ಪಕ್ಕದಲ್ಲಿ ನಿಂತಿರುವಾಗ. ಪ್ರತಿ ಸಲವೂ ಯಾವ ಸ್ನಾಯು, ಯಾವ ಮಗ್ಗುಲು, ರೋಗಿ ಮಲಗಿದ್ದ ಭಂಗಿ, ಸೂಜಿಯ ಅಳತೆ, ಹಾಕಿದ್ದು ಎಷ್ಟು, ತೆಗೆದದ್ದು ಎಷ್ಟು, ಟ್ವಿಚ್ ಬಂತೇ, ನೋವಿನ ಅಂಕ ಮೊದಲು ಎಷ್ಟು ಆಮೇಲೆ ಎಷ್ಟು ಎಂದು ಒಂದು ಪುಸ್ತಕದಲ್ಲಿ ಬರೆಯಬೇಕು. ಸೂಜಿ ತೆಗೆದ ಜಾಗವನ್ನು ಅರ್ಧ–ಒಂದು ನಿಮಿಷ ಹತ್ತಿಯಿಂದ ಒತ್ತಿ ಹಿಡಿದು, ಆ ಸ್ನಾಯುವಿಗೆ ಕೆಲಸ ಕೊಡುವ ವ್ಯಾಯಾಮ ಮಾಡಿಸಿಯೇ ರೋಗಿಯನ್ನು ಕಳಿಸಬೇಕು.

ಅದೇ ಪುಸ್ತಕದಲ್ಲಿ ಕೊನೆಯ ಕಾಲಂ ಮಾರನೆಯ ದಿನದ ಫೋನ್ ಕರೆಗೆ. ‘ಹೇಗಿದೀರಿ’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ‘ರಾತ್ರಿ ಯಾವ ಮಗ್ಗುಲಲ್ಲಿ ಮಲಗಿದ್ರಿ? ಎಲ್ಲಾದ್ರೂ ಕಪ್ಪುಗಟ್ಟಿದೆಯಾ? ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದ ಹಾಗಾಯ್ತಾ?’ ಎಂದು ಕೇಳಿ, ಬಂದ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು.